ವೇಣುಗೋಪಾಲರ ಅಂಗಳದ ನರ್ಮದೆ

ಜಬಲ್ಪುರಕ್ಕೆ ಹೋಗಿಯೂ ಜಬಲ್ಪುರ ನೋಡದೆ ಬಂದವರು ಲೋಕದಲ್ಲಿ ಬೇಕಾದಷ್ಟು ಜನ ಇರಬಹುದು. ಆದರೆ ಹೋಗಿ, ಇಡೀ ಒಂದು ವಾರ ಇದ್ದು, ದಿನವೂ ಬೆಳಿಗ್ಗೆ ಬೂಟು ಹಾಕಿಕೊಂಡು ತಯಾರಾಗಿ ಕೂತು, ಕೊನೆಗೆ ಬೀಗರ ಮನೆಯ ಸೋಫಾ ಬಿಟ್ಟು ಬೇರೇನನ್ನೂ ನೋಡದೆ ಮರಳಿದ ಕೀರ್ತಿ ಸ್ಟೌಫ್‌ವಿಲ್‌ನ ಗದಿಗೆಪ್ಪನೊಬ್ಬನಿಗೇ ಸಲ್ಲಬೇಕು. ಅವನು ನೋಡದ ಸ್ಥಳಗಳು ಒಂದೆರಡಲ್ಲ. ಅಮೃತಶಿಲೆಯ ಬಂಡೆಗಳ ನಡುವೆ ನರ್ಮದೆ ಹರಿಯುವ ಭೇಡಾಘಾಟ್, ಹೊಗೆಯೆಬ್ಬಿಸಿ ಧುಮ್ಮಿಕ್ಕುವ ಧುವಾಂಧಾರ್ ಜಲಪಾತ, ಗುಡ್ಡದ ಮೇಲಿನ ಚೌಸಠ್ ಯೋಗಿನಿ ಗುಡಿ, ಬಂಡೆಯ ನೆತ್ತಿಯಲ್ಲಿ ಕೂತ ಮದನಮಹಲ್ ಕೋಟೆ, ಇವಿಷ್ಟನ್ನೂ ಅವನು ಒಂದೂ ಬಿಡದೆ ನೋಡಿರಲಿಲ್ಲ.

ಗದಿಗೆಪ್ಪ ಧಾರವಾಡದವನು. ಟೊರೊಂಟೊ ಪಕ್ಕದ ಸ್ಟೌಫ್‌ವಿಲ್‌ನಲ್ಲಿ ನೆಲೆಸಿ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದ. ಕಲಿಯುವವರು ಸ್ಟಿಯರಿಂಗ್ ಹಿಡಿದರೆ, ಪಕ್ಕದಲ್ಲಿ ಕೂತ ಇವನ ಕಾಲಡಿಗೆ ಇನ್ನೊಂದು ಬ್ರೇಕು ಇರುತ್ತಿತ್ತು. ವರ್ಷಗಟ್ಟಲೆ ಅದನ್ನೇ ಒತ್ತಿ ಒತ್ತಿ ಅವನ ಬಲಗಾಲಿಗೆ ಒಂದು ಚಟ ಅಂಟಿತ್ತು. ಎಲ್ಲೇ ಇರಲಿ, ಅಪಾಯ ಎದುರಾಯಿತೆಂದರೆ ಕಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಹೆಂಡತಿ ನೀಲಾಂಬಿಕಾ “ನಿಮ್ಮ ಕೂಡ ಸ್ವಲ್ಪ ಮಾತಾಡೂದೈತ್ರಿ” ಎಂದರೆ ಸೋಫಾದ ಮುಂದೆ ಒತ್ತುತ್ತಿತ್ತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದಾಗ ಗಾಳಿಯಲ್ಲೇ ಒತ್ತುತ್ತಿತ್ತು.

ಅವನು ಜಬಲ್ಪುರಕ್ಕೆ ಹೋದದ್ದು ಅಣ್ಣನ ಮಗ ನಿಜಗುಣನ ಮದುವೆಗೆ. ಅದೇ ಟೊರೊಂಟೊ ಸುತ್ತಿನ ಥಾರ್ನ್‌ಹಿಲ್‌ನಲ್ಲಿದ್ದ ನಿಜಗುಣ, ಜೊತೆಗೆ ಕೆಲಸ ಮಾಡುವ ಜಬಲ್ಪುರದ ಸಂಜನಾಳನ್ನು ಮೆಚ್ಚಿದ್ದ. ಮೇ ತಿಂಗಳಲ್ಲಿ ಹುಡುಗಿಯ ಊರಲ್ಲೇ ಮದುವೆ ಎಂದಾಯಿತು. ನೀಲಾಂಬಿಕಾಗೆ ನ್ಯೂಮಾರ್ಕೆಟ್‌ನ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಅವಳ ತಾಯಿ ನಾಗವ್ವ ಮಗಳ ಮನೆಗೆ ಬಂದು ವರ್ಷವಾಗಿತ್ತು, ಆದರೆ ಆಕೆಯ ಮೊಣಕಾಲು ಅಷ್ಟು ದೂರದ ಪ್ರಯಾಣಕ್ಕೆ ಒಪ್ಪಲಿಲ್ಲ. ಹೀಗೆ ಮನೆತನದ ಪ್ರತಿನಿಧಿಯಾಗಿ ಗದಿಗೆಪ್ಪನೊಬ್ಬನೇ ಹೊರಟ.

ಈ ನಾಗವ್ವ ಅವನಿಗೆ ಬರೀ ಅತ್ತೆಯಲ್ಲ, ಸೋದರತ್ತೆ. ಸಣ್ಣಂದಿನಲ್ಲಿ ಮೂಗು ಒರೆಸಿ ಬೆಳೆಸಿದವಳು, ಆಮೇಲೆ ಮಗಳನ್ನೂ ಕೊಟ್ಟವಳು. ಹಾಗಾಗಿ ಅಳಿಯಂದಿರಿಗೆ ಸಲ್ಲುವ ಬಹುವಚನ ಅವನಿಗೆ ಎಂದೂ ದಕ್ಕಲಿಲ್ಲ.

“ಗದಿಗ್ಯಾ, ನನಗ ಸೀರಿ ಬ್ಯಾಡ, ಏನೂ ಬ್ಯಾಡ” ಎಂದಳು ನಾಗವ್ವ ಹೊರಡುವ ದಿನ. “ನರ್ಮದಾ ನದ್ಯಾಗಿಂದ ಒಂದ ನುಣ್ಣಂದು ಕಲ್ಲ ತಾ. ಅಲ್ಲಿ ಕಲ್ಲಿಗೆ ಪ್ರತಿಷ್ಠಾ ಗಿತಿಷ್ಠಾ ಏನೂ ಬೇಕಾಗಂಗಿಲ್ಲಂತ, ಹಂಗ ಇಟ್ಟ ಪೂಜಿ ಮಾಡಬೌದಂತ. ಹರೇದಾಗಿಂದ ಆ ನದಿ ನೋಡಬೇಕಂತಿದ್ದೆ, ಆಗಲಿಲ್ಲ. ಇನ್ನಂತೂ ಆಗೂದಿಲ್ಲ. ನೀನರ ಕಣ್ತುಂಬ ನೋಡಿ ಬಾ. ಬಂದು ನನ್ನ ಮುಂದ ಹೇಳು.”

ಪಕ್ಕದ ಮನೆಯ ವಸಂತಾ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ಮೈಸೂರಿನವರು. “ಗದಿಗೆಪ್ಪನವ್ರೇ, ಹೇಗೂ ತರ್ತಿದ್ದೀರಲ್ಲ, ನಮಗೂ ಒಂದು ಪುಟ್ಟದು ತಂದ್ಬಿಡಿ. ನಮ್ಮ ದೀಪ್ತಿ ಮೂರು ಸಲ ರೋಡ್ ಟೆಸ್ಟಲ್ಲಿ ಫೇಲ್ ಆಗಿದ್ದಾಳೆ, ಮನೇಲೊಂದು ದೈವಬಲ ಇರಲಿ.”

ದೀಪ್ತಿಗೆ ಕಾರು ಕಲಿಸುತ್ತಿದ್ದವನು ಗದಿಗೆಪ್ಪನೇ. ಅವನು ಈ ಮಾತನ್ನು ನುಂಗಿಕೊಂಡು, ಎರಡು ಕಲ್ಲು ತರುವೆನೆಂದು ಮಾತುಕೊಟ್ಟು ವಿಮಾನ ಹತ್ತಿದ.

ಜಬಲ್ಪುರದಲ್ಲಿ ಬೀಗರು ಮೊದಲ ದಿನವೇ ಘೋಷಿಸಿದರು: ನಾಳೆ ಬೆಳಿಗ್ಗೆ ಎಲ್ಲರೂ ಭೇಡಾಘಾಟ್‌ಗೆ. ಗದಿಗೆಪ್ಪ ಬೆಳಗಾಗುವುದರೊಳಗೆ ಸ್ನಾನ ಮಾಡಿ, ಟೋಪಿ ಧರಿಸಿ, ಬೂಟಿನ ದಾರ ಬಿಗಿದು ಹಾಲಿನಲ್ಲಿ ಕೂತ. ಅಷ್ಟರಲ್ಲಿ ಒಳಗೆ ಗದ್ದಲವೆದ್ದಿತು. ಫೂಫಾಜಿ ಮುನಿಸಿಕೊಂಡಿದ್ದರು.

ಫೂಫಾಜಿ ಎಂದರೆ ಹುಡುಗಿಯ ಸೋದರತ್ತೆಯ ಗಂಡ. ನಮ್ಮ ಕಡೆಯಾದರೆ ಅಂಥವರನ್ನು ಮಾವ ಎಂದು ಕರೆದು, ಎಲೆಯಡಿಕೆ ಕೊಟ್ಟು, ಫ್ಯಾನಿನ ಕೆಳಗೆ ಕೂರಿಸಿಬಿಡುತ್ತಾರೆ. ಆ ಸೀಮೆಯ ಮದುವೆಗಳಲ್ಲಿ ಅವರು ಮುನಿಸಿಕೊಳ್ಳುವುದು ಅರಿಸಿನದಷ್ಟೇ ಮುಖ್ಯವಾದ ಶಾಸ್ತ್ರ. ತಮ್ಮನ್ನು ಕೇಳದೆ ಪ್ರವಾಸ ಗೊತ್ತುಮಾಡಿದ್ದಾರೆಂದು ಅವರು ಹಾಲಿಗೆ ಬಂದು ಗದಿಗೆಪ್ಪನ ಪಕ್ಕದಲ್ಲೇ ಗಡ್ಡ ಕೆರೆಯುತ್ತ ಕೂತರು. ಅವರು ಏಳದೆ ಕಾರು ಹೊರಡುವಂತಿಲ್ಲ. ಅವರು ಏಳಲಿಲ್ಲ.

ಮರುದಿನ ಕಾರು ರೈಲ್ವೆ ಸ್ಟೇಷನ್ನಿಗೆ ಹೋಗಿತ್ತು. ಅದರ ಮರುದಿನ ಪೋಹಾ-ಜಿಲೇಬಿ ತಿನ್ನದೆ ಗಂಡಿನ ಕಡೆಯವರು ಹೊಸಿಲು ದಾಟಕೂಡದೆಂದು ಹಿಡಿದು ನಿಲ್ಲಿಸಿದರು. ಜಿಲೇಬಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿ ಹಿರಿಯರು ಹೊರಗೆ ಕಾಲಿಡಬಾರದೆಂದು ತೀರ್ಮಾನವಾಯಿತು. ಇನ್ನೊಂದು ದಿನ ಎಲ್ಲವೂ ಸರಿಯಿತ್ತು, ಕಾರಿತ್ತು, ಮೋಡವಿತ್ತು, ಆದರೆ ಫೂಫಾಜಿಯ ಊಟದಲ್ಲಿ ಯಾರೋ ರಾಯತ ಬಡಿಸುವುದನ್ನು ಮರೆತಿದ್ದರು. ಗದಿಗೆಪ್ಪ ಬೂಟು ಹಾಕುತ್ತಿದ್ದ, ಬಿಚ್ಚುತ್ತಿದ್ದ.

“ಕಲ್ ಪಕ್ಕಾ, ಗದಿಗೆಪ್ಪಾಜಿ” ಎಂದು ಫೂಫಾಜಿ ದಿನವೂ ಅವನ ತೊಡೆ ತಟ್ಟುತ್ತಿದ್ದರು. ನಾಳೆ ಖಂಡಿತ. ಹಾಗೆ ಹೇಳಿ, ಮುನಿಸಿನ ನಡುವೆಯೇ, ನಾಳೆ ನೋಡಲಿರುವುದನ್ನೆಲ್ಲ ಬಣ್ಣಿಸುತ್ತಿದ್ದರು. ದೋಣಿ ಹೇಗೆ ತಿರುಗುತ್ತದೆ, ಅಂಬಿಗ ಹೇಗೆ ಪ್ರಾಸ ಕಟ್ಟಿ ತಮಾಷೆ ಹೇಳುತ್ತಾನೆ, ಬಿಳಿ ಬಂಡೆ ಎಲ್ಲಿ ಗುಲಾಬಿಯಾಗುತ್ತದೆ, ಗುಡಿಯಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಜೋಡಿಯಾಗಿ ಕೂತಿರುವ ಭಂಗಿ ಹೇಗೆ, ಎಲ್ಲವನ್ನೂ ಕೈಸನ್ನೆ ಸಮೇತ ಮಾಡಿ ತೋರಿಸಿದರು. ವಾರ ಮುಗಿದಾಗ ಗದಿಗೆಪ್ಪನಿಗೆ ಇಡೀ ಜಬಲ್ಪುರ ಬಾಯಿಪಾಠವಾಗಿತ್ತು. ಕಲ್ಲು ಮಾತ್ರ ಪೂರ್ತಿ ಮರೆತುಹೋಗಿತ್ತು.

ಅದು ನೆನಪಾದದ್ದು ಟೊರೊಂಟೊ ವಿಮಾನ ನಿಲ್ದಾಣದಲ್ಲಿ, ಕೋಲೂರಿಕೊಂಡು ನಿಂತ ನಾಗವ್ವನನ್ನು ಕಂಡಾಗ. ಮೊಣಕಾಲು ನೋವಿದ್ದರೂ ಹಟಮಾಡಿ ಬಂದಿದ್ದಳು.

“ನರ್ಮದಾ ಕಂಡೇನಪಾ?”

ಇಲ್ಲ ಎನ್ನಲು ಗದಿಗೆಪ್ಪ ಬಾಯಿ ತೆರೆದದ್ದು ನಿಜ. ಆದರೆ ಆ ಮುಖವನ್ನು ನೋಡಿ ‘ಇಲ್ಲ’ ಎನ್ನುವವನು ಬೇರೆಯೇ ಗಂಡಸಾಗಿರಬೇಕು.

“ಕಂಡೆ ಅತ್ತಿ.”

“ಕಲ್ಲು?”

“ಸೂಟ್‌ಕೇಸಿನ್ಯಾಗ ಐತಿ” ಎಂದ ಗದಿಗೆಪ್ಪ. ಅವನ ಬಲಗಾಲು ವಿಮಾನ ನಿಲ್ದಾಣದ ನೆಲವನ್ನು ಬಲವಾಗಿ ಒತ್ತಿತು. ನಾಗವ್ವ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ಕಾಲು ನೋಡಿದಳು, ನಡೆ ಎಂದಳು.

ಆ ದಿನ ಸೂಟ್‌ಕೇಸಿನ ಬೀಗ ಕೆಟ್ಟಿದೆಯೆಂದು ಹೇಳಿ ತಪ್ಪಿಸಿಕೊಂಡದ್ದಾಯಿತು. ಮರುದಿನ ಬೆಳಿಗ್ಗೆ ದೇವರೇ ದಾರಿ ತೋರಿಸಿದನೆಂದು ಗದಿಗೆಪ್ಪ ಭಾವಿಸಿದ. ದೇವರಿಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ ಎಂದು ಇಲ್ಲೇ ಸ್ಪಷ್ಟಪಡಿಸುವುದು ಒಳ್ಳೆಯದು. ವಸಂತಾ ಮನೆಯವರು ಲಾಂಗ್ ವೀಕೆಂಡಿಗೆ ಊರುಬಿಟ್ಟಿದ್ದರು, ಗಿಡಗಳಿಗೆ ನೀರು ಹಾಕುವ ಕೆಲಸ ಗದಿಗೆಪ್ಪನದಾಗಿತ್ತು. ವಸಂತಾರ ಗಂಡ ವೇಣುಗೋಪಾಲರು ಸಾಫ್ಟ್‌ವೇರಿನವರು. ಹುಲ್ಲು ಕತ್ತರಿಸುವ ರಗಳೆ ಬೇಡವೆಂದು ಮನೆಯ ಮುಂದಿನ ಅಂಗಳಕ್ಕೆಲ್ಲ ನುಣ್ಣನೆಯ ಹೊಳೆಗಲ್ಲು ಹಾಸಿಸಿ, ದೊಡ್ಡದು ಹಿಂದೆ, ಸಣ್ಣದು ಮುಂದೆ ಎಂದು ಕೈಯಾರೆ ಜೋಡಿಸಿದ್ದರು. ಪೈಪು ಹಿಡಿದು ನಿಂತ ಗದಿಗೆಪ್ಪನ ಕಣ್ಣಿಗೆ ಆ ಕಲ್ಲುಗಳು ಬಿದ್ದವು. ಅಂಡಾಕಾರ, ಬೂದು ಬಣ್ಣ, ನೀರು ಬಿದ್ದು ಮಿರಮಿರ ಮಿಂಚುತ್ತಿದ್ದವು. ದೀಪದ ಕಂಬದ ಬುಡದಲ್ಲಿದ್ದ ಬಿಳಿ ಗೀರಿನದೊಂದು, ಅದರ ಪಕ್ಕದ್ದೊಂದು, ಎರಡನ್ನು ಲುಂಗಿಯ ಮಡಿಕೆಗೆ ಸೇರಿಸಿದ.

ಬಿಳಿ ಗೀರಿನ ಕಲ್ಲು ನಾಗವ್ವನ ಕೈಸೇರಿತು. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು.

ನೀಲಾಂಬಿಕಾ ಮಾತ್ರ, “ಅಲ್ರಿ, ಕಲ್ಲ ತಂದ ಸೂಟ್‌ಕೇಸಿನ್ಯಾಗ ಒಂಚೂರು ಮಣ್ಣ ಸುದ್ದಾ ಇಲ್ಲಲ್ರಿ?” ಎಂದಳು.

“ತೊಳದ ತಂದೀನಲೇ.”

“ಫೋಟೋ?”

“ದೋಣ್ಯಾಗ ತೊಯ್ದೀತು ಅಂತ ಮೊಬೈಲು ರೂಮಿನ್ಯಾಗ ಇಟ್ಟಿದ್ದೆ.” ಕಾಲು ಒತ್ತಿತು.

ಅಂದು ಸಂಜೆ ಚಹಾ ಆದಮೇಲೆ ನಾಗವ್ವ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂತು, “ಹೂಂ, ಹೇಳು ಮತ್ತ. ಇವತ್ತ ಎಲ್ಲಿಗೆ ಹೋಗೂಣು?” ಎಂದಳು. ಗದಿಗೆಪ್ಪ ಭೇಡಾಘಾಟ್‌ನಿಂದ ಶುರುಮಾಡಿದ. ಫೂಫಾಜಿಯ ಮಾತು, ಫೂಫಾಜಿಯ ಕೈಸನ್ನೆ. ದೋಣಿ ಬಂಡೆಗಳ ನಡುವೆ ಹೊಕ್ಕಿತು. ಎರಡೂ ಕಡೆ ಬಿಳಿಗೋಡೆ ಎದ್ದು ಆಕಾಶ ಒಂದು ಪಟ್ಟಿಯಷ್ಟೇ ಉಳಿಯಿತು. ಅಂಬಿಗ ಹುಟ್ಟು ನಿಲ್ಲಿಸಿ “ಇಲ್ಲಿ ಕಿವಿಗೊಟ್ಟು ಕೇಳ್ರಿ” ಎಂದ. ದೂರದಲ್ಲಿ ನೀರು ಬೀಳುವ ಸದ್ದು. ನಾಗವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ತಾನು ಸುಳ್ಳು ಹೇಳುತ್ತಿದ್ದೇನೆಂಬುದು ಗದಿಗೆಪ್ಪನಿಗೆ ಅರ್ಧ ದಾರಿಯಲ್ಲಿ ಮರೆತೇಹೋಯಿತು. ದೋಣಿ ತಿರುವಿನಲ್ಲಿ ವಾಲಿದಾಗ ತಾನೇ ಕುರ್ಚಿಯ ಕೈ ಹಿಡಿದುಕೊಂಡ.

ಮರುದಿನ ಸಂಜೆ ಕೋಟೆ. ಅದರ ಮರುದಿನ ಯೋಗಿನಿಯರ ಗುಡಿ. ಮುಗಿದ ಮೇಲೆ ಮತ್ತೆ ನದಿ, ಈ ಸಲ ಬೆಳದಿಂಗಳಲ್ಲಿ. ನಾಗವ್ವ ಒಂದು ಸಂಜೆಯನ್ನೂ ಬಿಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಊರಿಂದ ಮರಳಿದ ವಸಂತಾ ತಮ್ಮ ಪಾಲಿನ ಕಲ್ಲನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಹಾಲೆರೆದ ವಾರದಲ್ಲೇ ದೀಪ್ತಿ ರೋಡ್ ಟೆಸ್ಟಿನಲ್ಲಿ ಪಾಸಾದಳು.

“ನರ್ಮದಾ ಮಹಿಮೆ!” ಎಂದು ವಸಂತಾ ಊರೆಲ್ಲ ಫೋನ್ ಮಾಡಿದರು. ಹುಡುಗಿಗೆ ಪ್ಯಾರಲಲ್ ಪಾರ್ಕಿಂಗ್ ಕಲಿಸಲು ಆರು ತಿಂಗಳು ಎದೆ ಬಡಿದುಕೊಂಡಿದ್ದ ಗದಿಗೆಪ್ಪ ಎದುರಿಗೇ ನಿಂತಿದ್ದ. ತಾನು ಪಟ್ಟ ಪಾಡಿನ ಕೀರ್ತಿ ತಾನೇ ಕದ್ದ ಕಲ್ಲಿಗೆ ಹೋದದ್ದನ್ನು ಕಂಡೂ ಅವನು ಪಿಟ್ಟೆನ್ನುವಂತಿರಲಿಲ್ಲ.

ಫೋನುಗಳು ಬಂದವು. ನ್ಯೂಮಾರ್ಕೆಟ್‌ನ ಉದಯಕುಮಾರನಿಗೆ ಪ್ರಮೋಷನ್ ಆಗಬೇಕಿತ್ತು. ಥಾರ್ನ್‌ಹಿಲ್‌ನ ಮೀರಾಳ ಬೇಸ್‌ಮೆಂಟಿಗೆ ಒಳ್ಳೆಯ ಬಾಡಿಗೆದಾರ ಸಿಗಬೇಕಿತ್ತು. “ನಮಗೂ ಒಂದು ಕೊಡಿ ಸಾರ್, ವಸಂತಾ ಹೇಳಿದ್ರು, ನೀವು ಬ್ಯಾಗ್ ತುಂಬಾ ತಂದಿದ್ದೀರಂತೆ.” ತಂದಿಲ್ಲವೆಂದರೆ ಮೊದಲಿನವೆರಡು ಎಲ್ಲಿಂದ ಬಂದವು ಎಂಬ ಪ್ರಶ್ನೆ ಏಳುತ್ತದೆ. ವೇಣುಗೋಪಾಲರು ಕೆಲಸಕ್ಕೆಂದು ರೈಲು ಹಿಡಿದು ಯೂನಿಯನ್ ಸ್ಟೇಷನ್ನಿಗೆ ಹೋದ ಮೇಲೆ ಗದಿಗೆಪ್ಪ ಗಿಡಗಳಿಗೆ ನೀರು ಹಾಕುತ್ತಲೇ ಇದ್ದ. ಅಂಗಳ ಅಲ್ಲಲ್ಲಿ ಬೋಳಾಗತೊಡಗಿತು.

ಒಂದು ಶನಿವಾರ ವೇಣುಗೋಪಾಲರು ಬೇಲಿಯ ಹತ್ತಿರ ಬಂದರು. ಮುಖ ಬಿಳಿಚಿತ್ತು.

“ಗದಿಗೆಪ್ಪನವ್ರೇ, ನನ್ನ ಕಲ್ಲುಗಳು ಕಡಿಮೆ ಆಗ್ತಿವೆ.”

“ಕಲ್ಲು ಹ್ಯಾಂಗ್ರೀ ಕಮ್ಮಿ ಆಕ್ಕಾವು?”

“ಅದೇ ನಾನೂ ಕೇಳ್ತಿರೋದು! ಮೊದಲು ಅಳಿಲು ಅನ್ಕೊಂಡೆ. ಆದ್ರೆ ಒಳ್ಳೊಳ್ಳೆದನ್ನೇ ಆರಿಸ್ಕೊಂಡು ಹೋಗ್ತಿವೆ. ಇಷ್ಟು ಟೇಸ್ಟ್ ಇರೋ ಅಳಿಲು ಎಲ್ಲಿದೆ ಹೇಳಿ? ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದ್ದ ನನ್ನ ಇಡೀ ಗ್ರೇಡಿಯಂಟ್ ಹಾಳಾಗಿದೆ.”

ಅವರು ಪೊಲೀಸಿಗೆ ಫೋನ್ ಮಾಡಿದರು. ಬಂದ ಅಧಿಕಾರಿ ಎತ್ತರದ, ಸಭ್ಯ ಮನುಷ್ಯ. ನೆಲದ ತುಂಬ ಬಿದ್ದಿದ್ದ ಕಲ್ಲುಗಳನ್ನು ಬಹಳ ಹೊತ್ತು ನೋಡಿ, ಇದರಲ್ಲಿ ಯಾವುದು ಇಲ್ಲ ಎಂದು ಕೇಳಿದ. ವೇಣುಗೋಪಾಲರು ಖಾಲಿ ಜಾಗಗಳನ್ನು ಒಂದೊಂದಾಗಿ ತೋರಿಸಿದರು. ಯಾರ ಮೇಲಾದರೂ ಅನುಮಾನವಿದೆಯೇ ಎಂದಾಗ, “ನೋ ನೋ, ದಿಸ್ ಈಸ್ ಮೈ ಗುಡ್ ನೇಬರ್, ಹೀ ವಾಚಸ್ ದ ಹೌಸ್” ಎಂದು ಗದಿಗೆಪ್ಪನ ಹೆಗಲ ಮೇಲೆ ಕೈಯಿಟ್ಟರು. ಗದಿಗೆಪ್ಪನ ಕಾಲ ಕೆಳಗೆ ನಾಲ್ಕು ಕಲ್ಲುಗಳು ಮಣ್ಣಿನೊಳಗೆ ಹುದುಗಿದವು.

ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪಾಠ ಹೇಳುವಾಗ ಹಸಿರು ದೀಪಕ್ಕೂ ಬ್ರೇಕ್ ಒತ್ತಿದ. ಕಲಿಯುವವರೇ “ಅಂಕಲ್, ಆರ್ ಯೂ ಓಕೆ?” ಎಂದು ಕೇಳತೊಡಗಿದರು. ಕೊನೆಗೆ ಒಂದು ತೋಟಗಾರಿಕೆ ಅಂಗಡಿಗೆ ಹೋಗಿ ಅದೇ ತರಹದ ಹೊಳೆಗಲ್ಲಿನ ಚೀಲ ಹೊತ್ತು ತಂದ. ಒಂದು ಮಧ್ಯಾಹ್ನ ವೇಣುಗೋಪಾಲರು ಇಲ್ಲದಾಗ ಅಂಗಳಕ್ಕೆ ಹೋಗಿ, ಮೊಣಕಾಲೂರಿ, ಖಾಲಿಯಿದ್ದಲ್ಲೆಲ್ಲ ಒಂದೊಂದು ಕಲ್ಲನ್ನಿಟ್ಟ. ಸದ್ದಾಗದಿರಲೆಂದು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಟ್ಟ. ಪ್ರತಿಯೊಂದಕ್ಕೂ “ತಪ್ಪಾತು, ತಪ್ಪಾತು” ಎಂದು ಕೆನ್ನೆ ತಟ್ಟಿಕೊಂಡ.

ವೇಣುಗೋಪಾಲರು ಹಕ್ಕಿಗೂಡಿನೊಳಗೆ ಕ್ಯಾಮೆರಾ ಇಟ್ಟಿದ್ದರೆಂದು ಅವನಿಗೆ ಗೊತ್ತಿರಲಿಲ್ಲ.

ಅಂದು ಸಂಜೆ ವೇಣುಗೋಪಾಲರು, ವಸಂತಾ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಫೋನು. ಗದಿಗೆಪ್ಪ ಎಲ್ಲ ಮುಗಿಯಿತೆಂದು ತಲೆತಗ್ಗಿಸಿದ. ವೇಣುಗೋಪಾಲರು ಬಗ್ಗಿ ಅವನ ಕಾಲು ಮುಟ್ಟಲು ಹೋದರು.

“ಎಂಥಾ ಮನುಷ್ಯರು ಸಾರ್ ನೀವು! ಯಾರೋ ಕಳ್ಳ ನಮ್ಮ ಕಲ್ಲು ಕದ್ದ ಅಂತ, ನೀವು ನರ್ಮದೆಯಿಂದ ಹೊತ್ತು ತಂದಿದ್ದನ್ನ ನಮ್ಮ ಅಂಗಳಕ್ಕೆ ತುಂಬಿದ್ದೀರಿ. ಯಾರಿಗೂ ಹೇಳ್ದೆ! ಒಂದೊಂದಕ್ಕೂ ಮಂತ್ರ ಹೇಳಿ, ಕೆನ್ನೆ ತಟ್ಕೊಂಡು!”

ವಸಂತಾ ಕಣ್ಣೊರೆಸಿಕೊಂಡರು. “ನಾವು ನೋಡಿದ್ವಿ. ಎಲ್ಲಾರಿಗೂ ಫಾರ್ವರ್ಡ್ ಮಾಡಿದ್ದೀನಿ.”

ಮುಂದಿನದು ಗದಿಗೆಪ್ಪನ ಕೈಮೀರಿ ನಡೆಯಿತು. ಯಾವ ಕಲ್ಲು ಮೊದಲಿನದು, ಯಾವುದು ನರ್ಮದೆಯದು ಎಂದು ಬೇರೆ ಮಾಡಲಾಗದ್ದರಿಂದ ಇಡೀ ಅಂಗಳವೇ ಪವಿತ್ರವೆಂದು ಸಾಬೀತಾಯಿತು. ಅದರ ಮೇಲೆ ಯಾರೂ ಕಾಲಿಡಬಾರದೆಂದಾಯಿತು. ವೇಣುಗೋಪಾಲರು ಗರಾಜಿನಿಂದಲೇ ಒಳಗೆ ಹೊರಗೆ ಓಡಾಡತೊಡಗಿದರು. ಭಾನುವಾರಗಳಲ್ಲಿ ಕನ್ನಡದವರ ಕಾರುಗಳು ಬಂದು ನಿಂತವು, ಕಾಲುದಾರಿಯ ತುಂಬ ಚಪ್ಪಲಿಗಳಾದವು. ಎದುರುಮನೆಯ ಮುದುಕಿ ನಾಯಿ ತಿರುಗಿಸುತ್ತ ಬಂದು ಈ ಮೌನದ ಜನರನ್ನು ನೋಡಿ, ವೇಣುಗೋಪಾಲರ ಮನೆಯ ಯಾವುದೋ ಸಾಕುಪ್ರಾಣಿ ತೀರಿಕೊಂಡಿರಬೇಕೆಂದು ತಿಳಿದು, ಕಲ್ಲುಗಳ ಮೇಲೆ ಒಂದು ಗುಲಾಬಿ ಇಟ್ಟು ಕೈಕಟ್ಟಿ ನಿಂತಳು. ವಸಂತಾ ಅದನ್ನು ಅನ್ಯಧರ್ಮೀಯಳ ಭಕ್ತಿಯೆಂದು ಹೇಳಿ ಫೋಟೋ ಹಾಕಿದರು. ನಗರಸಭೆಯವನೊಬ್ಬ ಬಂದು ಚಪ್ಪಲಿ ತೆಗೆಸಿ, ಇಲ್ಲಿ ಮನೆಯಿದೆಯೋ ಪ್ರಾರ್ಥನಾ ಮಂದಿರವಿದೆಯೋ ಎಂದು ಕೇಳಿ, ಉತ್ತರಕ್ಕೆ ಗದಿಗೆಪ್ಪನ ಕಡೆ ನೋಡಿದ. ಎಲ್ಲರೂ ನೋಡಿದರು. ಗದಿಗೆಪ್ಪ ನೆಲ ಒತ್ತುತ್ತ ನಿಂತಿದ್ದ.

ಶ್ರಾವಣ ಬಂತು. ಸೋಮವಾರ ಸಂಜೆ ಅಂಗಳದ ಸುತ್ತ ಎಲ್ಲರೂ ಸೇರಬೇಕು, ಗದಿಗೆಪ್ಪನವರು ತಮ್ಮ ಯಾತ್ರೆಯ ಅನುಭವ ಹೇಳಬೇಕು ಎಂದು ವಸಂತಾ ಗೊತ್ತುಮಾಡಿದರು. ಅದೇ ವಾರ ನಿಜಗುಣ ಫೋನ್ ಮಾಡಿದ.

“ಕಾಕಾ, ಸಂಜನಾನ ಅಪ್ಪ-ಅಮ್ಮಗ ವೀಸಾ ಬರಲಿಲ್ಲ. ಫೂಫಾಜಿಗೆ ಬಂದೈತಿ! ನಾಡದ ಬರಾಕತ್ತಾರ. ಸೋಮವಾರ ಕರಕೊಂಡ ಬರ್ತೀವಿ. ಮದವಿ ಗದ್ದಲದಾಗ ನೀವ ಯಾವಾಗ ನದಿಗೆ ಹೋಗಿ ಬಂದ್ರೋ ನಮಗ ಗೊತ್ತೇ ಆಗಲಿಲ್ಲ. ನಿಮ್ಮ ಮಾತಿಗೆ ಊರಿನವರೊಬ್ಬರು ಸಾಕ್ಷಿ ಇದ್ದಂಗಾತು ನೋಡ್ರಿ.”

ಗದಿಗೆಪ್ಪ ಫೋನಿಟ್ಟು ಸೋಫಾದಲ್ಲಿ ಕೂತ. ನೀಲಾಂಬಿಕಾ ಬಂದು ನೋಡಿದಾಗ ಅವನ ಕಾಲ ಕೆಳಗಿನ ಕಾರ್ಪೆಟ್ಟು ಮಡಿಕೆ ಮಡಿಕೆಯಾಗಿತ್ತು. ಅವನಿಗೆ ಜನರ ಭಯವಿರಲಿಲ್ಲವೆಂದಲ್ಲ. ಆದರೆ ಜನ ನಗುತ್ತಾರೆ, ಆಮೇಲೆ ಮರೆಯುತ್ತಾರೆ. ಕಿಟಕಿಯ ಪಕ್ಕ ಕಣ್ಣು ಮುಚ್ಚಿಕೊಂಡು ದೋಣಿಯಲ್ಲಿ ಹೋಗುತ್ತಿದ್ದ ನಾಗವ್ವನ ಮುಖವೇ ಅವನ ಕಣ್ಣಿಂದ ಸರಿಯಲಿಲ್ಲ. ಆಕೆಗೆ ಗೊತ್ತಾದರೆ ಆ ನದಿಯೂ ಹೋಗುತ್ತದೆ, ಈ ಅಳಿಯನೂ ಹೋಗುತ್ತಾನೆ ಎಂದು ಅವನಿಗೆ ಅಳು ಬಂದಂತಾಯಿತು.

ಸೋಮವಾರ ಸಂಜೆ ಅಂಗಳದ ಸುತ್ತ ಮಡಿಚುವ ಕುರ್ಚಿಗಳು ಬಿದ್ದವು. ಎಲ್ಲರಿಗಿಂತ ಮುಂದೆ ನಾಗವ್ವ, ಮಡಿಲಲ್ಲಿ ತನ್ನ ಬಿಳಿ ಗೀರಿನ ಕಲ್ಲು. ಪಕ್ಕದ ಎತ್ತರದ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡ ಫೂಫಾಜಿ.

ಗದಿಗೆಪ್ಪ ಎದ್ದು ನಿಂತು ಶುರುಮಾಡಿದ. ದೋಣಿ ಹೊರಟಿತು, ಬಂಡೆ ಬಿಳಿಯಾಯಿತು, ಗುಲಾಬಿಯಾಯಿತು, ಅಂಬಿಗ ಪ್ರಾಸ ಕಟ್ಟಿದ. ನಿಜಗುಣ ಪಿಸುದನಿಯಲ್ಲಿ ಹಿಂದಿಗೆ ತಿರುಗಿಸಿ ಹೇಳುತ್ತಿದ್ದ. ಇದು ನನ್ನ ಮಾತು ಎಂದು ಫೂಫಾಜಿ ಈಗ ಏಳುತ್ತಾರೆ, ಆಗ ಏಳುತ್ತಾರೆ ಎಂದು ಗದಿಗೆಪ್ಪ ಕಾದ. ಫೂಫಾಜಿ ಏಳಲಿಲ್ಲ. ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

“ಫೂಫಾಜಿ, ಧುವಾಂಧಾರ್ ಹತ್ರ ರೋಪ್‌ವೇ ಇದೆಯಂತಲ್ಲ?” ಎಂದು ಉದಯಕುಮಾರ ಹಿಂದಿಯಲ್ಲಿ ಕೇಳಿದ. “ಅದ್ರಲ್ಲಿ ಕೂತ್ರೆ ಜಲಪಾತ ಎಡಕ್ಕೆ ಕಾಣುತ್ತೋ, ಬಲಕ್ಕೋ?”

ಫೂಫಾಜಿ ಗಂಟಲು ಸರಿಮಾಡಿಕೊಂಡರು. ಹಾರ ಸರಿಮಾಡಿಕೊಂಡರು. “ಗದಿಗೆಪ್ಪಾಜಿ ಕೋ ಸಬ್ ಮಾಲೂಮ್ ಹೈ” ಎಂದರು. ಗದಿಗೆಪ್ಪನಿಗೆ ಎಲ್ಲ ಗೊತ್ತಂತೆ.

ಗದಿಗೆಪ್ಪ ಅವರ ಕಡೆ ನೋಡಿದ. ಅವರು ಅವನ ಕಡೆ ನೋಡಲಿಲ್ಲ.

ಅಷ್ಟರಲ್ಲಿ ನಾಗವ್ವ ಕೋಲೂರಿ ಎದ್ದಳು. ಮಡಿಲಿನ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಫೂಫಾಜಿಯ ಮುಂದೆ ಚಾಚಿದಳು.

“ನಿಜಗುಣಾ, ಇವರಿಗೆ ಹೇಳಪಾ. ನಂಗ ಇನ್ನ ಆ ನದಿಗೆ ಹೋಗೂದ ಆಗಂಗಿಲ್ಲ. ನನ್ನ ಬದಲಿ ಈ ಕಲ್ಲರ ತನ್ನ ತವರಿಗೆ ಹೋಗಲಿ. ಊರಿಗೆ ಹೋದಮ್ಯಾಲೆ ತಾವ ಭೇಡಾಘಾಟಿಗೆ ಒಯ್ದು ನೀರಾಗ ಬಿಡ್ರಿ ಅಂತ ಹೇಳು.”

ನಿಜಗುಣ ಹೇಳಿದ. ಫೂಫಾಜಿ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಗಂಭೀರವಾಗಿ ನುಡಿದರು: “ಮಾತಾಜಿ, ಕಲ್ ಪಕ್ಕಾ!”

ಆ ಎರಡು ಶಬ್ದ ಕಿವಿಗೆ ಬಿದ್ದದ್ದೇ ಗದಿಗೆಪ್ಪನಿಗೆ ಎಲ್ಲ ತಿಳಿದುಹೋಯಿತು. ಈ ಕಲ್ಲು ಫೂಫಾಜಿಯ ಮನೆಯ ಕಪಾಟಿನಲ್ಲಿ ಬೂಟು ಹಾಕಿಕೊಂಡು ಜನ್ಮವಿಡೀ ಕೂರಲಿತ್ತು.

“ಅತ್ತಿ, ಅವರ ಕೈಯಾಗ ಕೊಡಬ್ಯಾಡ!” ಎಂದು ಕೂಗಿದ. “ಅವರು ಒಯ್ಯಂಗಿಲ್ಲ. ಅವರು ಯಾವತ್ತೂ ಹೋಗೇ ಇಲ್ಲ!”

ನಿಜಗುಣ ಅನುವಾದ ಮಾಡಿದ. ಫೂಫಾಜಿ ಮುನಿಸಿಕೊಳ್ಳಲು ಬಾಯಿ ತೆರೆದರು. ಆದರೆ ಸಂಜನಾ ಸೊಂಟದ ಮೇಲೆ ಕೈಯಿಟ್ಟು “ಫೂಫಾಜಿ, ಸಚ್?” ಎಂದು ನಿಜ ಕೇಳಿದ್ದೇ, ಕುರ್ಚಿಯಲ್ಲಿ ಕುಸಿದರು. ಹುಟ್ಟಿದಾಗಿನಿಂದ ಅದೇ ಊರಿನಲ್ಲಿದ್ದಾರೆ, ನಾಳೆ ಹೋದರಾಯಿತು ಎಂದು ಇಷ್ಟು ದಿನ ಹೋಗಿಲ್ಲ. ಅಂಬಿಗನ ಕಥೆಯನ್ನು ತಮ್ಮ ಭಾವಮೈದುನನ ಬಾಯಲ್ಲಿ ಕೇಳಿದ್ದಾರೆ ಎಂದು ಅವರ ಮಾತಿನಿಂದ ತಿಳಿಯಿತು.

“ನಾನೂ ಹೋಗಿಲ್ಲ” ಎಂದ ಗದಿಗೆಪ್ಪ. ಕಣ್ಣಲ್ಲಿ ನೀರಾಡುತ್ತಿತ್ತು. “ನದಿ ನೋಡಿಲ್ಲ, ಕೋಟಿ ನೋಡಿಲ್ಲ, ಗುಡಿ ನೋಡಿಲ್ಲ. ಇಡೀ ವಾರ ಬೂಟ್ ಹಾಕ್ಕೊಂಡ ಇವರ ಬಾಜೂಕ ಕುಂತಿದ್ದೆ. ಆ ಕಲ್ಲ ವೇಣುಗೋಪಾಲ ಅವರದು. ಎಲ್ಲಾರ ಮನ್ಯಾಗಿನ ಕಲ್ಲೂ ಇವರವ. ನಾನ ಕದ್ದೀನಿ. ಆಮ್ಯಾಲೆ ಅಂಗಡ್ಯಾಗಿಂದ ತಂದ ಇಟ್ಟೀನಿ.”

ವೇಣುಗೋಪಾಲರು ಒಮ್ಮೆ ತಮ್ಮ ಅಂಗಳವನ್ನು, ಒಮ್ಮೆ ಗರಾಜನ್ನು ನೋಡಿದರು. “ಅಂದ್ರೆ ನಾನು ಎರಡು ತಿಂಗಳಿಂದ ಗರಾಜಲ್ಲಿ ಓಡಾಡ್ತಿರೋದು ನನ್ನ ಕಲ್ಲಿಗೇ ಹೆದರಿನಾ?”

“ಹಾಗಾದ್ರೆ ನಮ್ಮ ದೀಪ್ತಿ ಪಾಸಾಗಿದ್ದು?” ಎಂದು ವಸಂತಾ ಚೀರಿದರು.

“ಅದ ನಾ ಕಲಿಸಿದ್ದು!” ಎಂದ ಗದಿಗೆಪ್ಪ. ಇಡೀ ತಪ್ಪೊಪ್ಪಿಗೆಯಲ್ಲಿ ಅವನು ತಲೆಯೆತ್ತಿ ಹೇಳಿದ ಮಾತು ಇದೊಂದೇ.

“ಐ ಟೋಲ್ಡ್ ಯೂ, ಅಮ್ಮಾ” ಎಂದಳು ದೀಪ್ತಿ ಹಿಂದಿನಿಂದ. ಉದಯಕುಮಾರ ಮಾತ್ರ ತನಗೆ ಪ್ರಮೋಷನ್ ಬಂದಾಗಿದೆ, ಕಲ್ಲು ವಾಪಸ್ ಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟ.

ಗದಿಗೆಪ್ಪನಿಗೆ ಇದಾವುದೂ ಕೇಳಿಸಲಿಲ್ಲ. ಅವನು ನಾಗವ್ವನನ್ನು ನೋಡುತ್ತಿದ್ದ. ಆಕೆ ಕಲ್ಲಿನೊಂದಿಗೆ ಮೆಲ್ಲನೆ ನಡೆದು ಅಂಗಳದ ದೀಪದ ಕಂಬದ ಹತ್ತಿರ ಹೋದಳು. ಬಗ್ಗಲಾರದೆ ಬಗ್ಗಿ, ಬುಡದಲ್ಲಿ ಅದೇ ಜಾಗದಲ್ಲಿ ಅದನ್ನಿಟ್ಟಳು.

“ಇದ ಇಲ್ಲೇ ಇತ್ತು” ಎಂದಳು. “ಆ ಕಿಟಕ್ಯಾಗ ಕುಂತ ವರ್ಷದಿಂದ ಇವನ್ನ ನೋಡಾಕತ್ತೀನಿ. ಮತ್ತೇನೈತಿ ಇಲ್ಲಿ ನೋಡಾಕ? ನೀ ನೀರ ಹಾಕೂಮುಂದ ಆರಿಸಿ ಲುಂಗ್ಯಾಗ ಕಟ್ಟಿದ್ದನ್ನೂ ನೋಡೀನಿ.”

“ಅತ್ತಿ!” ಎಂದ ಗದಿಗೆಪ್ಪ. “ಗೊತ್ತಿದ್ದೂ ಸುಮ್ನ ಇದ್ದೇನು? ದಿನಾ ಸಂಜಿಕ ಕಣ್ಣ ಮುಚ್ಚಿ ಕೇಳತಿದ್ದೀ?”

“ಹೂಂ. ಖರೇನ ಹೋಗಿದ್ದಿ ಅಂದ್ರ ಒಂದ ದಿನ ಹೇಳಿ, ನಾಕ ಫೋಟೋ ತೋರಿಸಿ, ಡ್ಯೂಟಿಗೆ ಹೋಗಿಬಿಡತಿದ್ದಿ. ಹೋಗಿಲ್ಲ ಅಂತ ದಿನಾ ಕುಂತು ಹೇಳಿದಿ. ಹೇಳೂದರಾಗ ನೀನೂ ದೋಣಿ ಹತ್ತತಿದ್ದಿ. ನಾ ಎರಡ ತಿಂಗಳ ನಿನ್ನ ಕೂಡ ನರ್ಮದಾದಾಗ ಇದ್ದೆ, ಗದಿಗ್ಯಾ. ಬಾಯಿಬಿಟ್ಟ ಕೆಡಿಸೂದು ಯಾಕ ಅಂತ ಸುಮ್ನಿದ್ದೆ.”

ಗದಿಗೆಪ್ಪ ಮೂಗು ಒರೆಸಿಕೊಂಡ. ಫೂಫಾಜಿಯೂ, ಏನು ನಡೆಯುತ್ತಿದೆಯೆಂದು ಪೂರ್ತಿ ತಿಳಿಯದೆಯೇ, ಒರೆಸಿಕೊಂಡರು.

“ಈಗ ಅಡ್ಡಾಡಾಕ ಗಾಲಿ ಕುರ್ಚಿ ಸಿಗತಾವಂತ, ವಿಮಾನದಾಗೂ, ಊರಾಗೂ” ಎಂದಳು ನಾಗವ್ವ, ಹೊಸ ಸುದ್ದಿ ಹೇಳುವವಳಂತೆ. “ಚಳಿಗಾಲದಾಗ ಹೋಗೂಣು. ನೀ, ನಾ, ಈ ಮುನಿಸಿನ ಮನಿಷ್ಯಾನೂ. ಆ ದೋಣ್ಯಾಗ ನಾ ಖರೇನ ಕುಂದ್ರಬೇಕು.”

“ಹೋಗೂಣು ಅತ್ತಿ, ಪಕ್...” ಎಂದ ಗದಿಗೆಪ್ಪ, ಅರ್ಧಕ್ಕೇ ತಡೆದುಕೊಂಡ.

ನಾಗವ್ವ ಅವನ ಮುಖ ನೋಡಲಿಲ್ಲ. ಕೆಳಗೆ ನೋಡಿದಳು. ಅವನ ಬಲಗಾಲು ವೇಣುಗೋಪಾಲರ ಅಂಗಳವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಆಕೆ ಕೋಲಿನ ತುದಿಯಿಂದ ಅವನ ಬೂಟನ್ನು ಮೆಲ್ಲಗೆ ತಟ್ಟಿದಳು.

“ಕಾಲ ತಗಿ” ಎಂದಳು. “ಬ್ರೇಕ್ ಬಿಡು ಇನ್ನ.”